ಒದ್ದೆ ರಸ್ತೆಯಲ್ಲಿ ಸೈಕಲ್ಲು

ನಮ್ಮ ರಾಜ್ಯದಲ್ಲಿ ಶಾಲೆಯ ಬಾಗಿಲು ತೆರೆಯುವುದಕ್ಕೂ ಮುಂಗಾರು ಬಂದು ಬಾಗಿಲು ತಟ್ಟುವುದಕ್ಕೂ ಹೆಚ್ಚು ದಿನಗಳ ಅಂತರವಿಲ್ಲ. ಮೇ ಕೊನೆಗೋ ಜೂನ್ ಮೊದಲಿಗೋ ತರಗತಿಗಳು ಆರಂಭವಾಗುತ್ತವೆ. ಜೂನ್ ಮೊದಲ ವಾರದಲ್ಲಿ ಮಳೆ ಕರಾವಳಿಗೆ ಬಂದಿಳಿಯುತ್ತದೆ. ಹೀಗಾಗಿ ಹೊಸ ತರಗತಿ, ಹೊಸ ಪುಸ್ತಕ, ಹೊಸದಾಗಿ ಕಲಿತ ಸೈಕಲ್ಲು, ಇವೆಲ್ಲವೂ ಒಟ್ಟಿಗೆ ಒದ್ದೆಯಾಗುತ್ತವೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಆ ಬಳಿಕ ನಾಲ್ಕೈದು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಸಾಲುಸಾಲಾಗಿ ಸೈಕಲ್ ತುಳಿದು ಹೋಗುವ ಹುಡುಗಿಯರು ನಮ್ಮ ಹಳ್ಳಿರಸ್ತೆಗಳ ಪರಿಚಿತ ನೋಟವಾದರು. ಬಸ್ಸಿಲ್ಲದ ಊರಿನಲ್ಲಿ ಆ ಸೈಕಲ್ಲು ನಿಂತರೆ ಓದೂ ನಿಂತೀತು. ಆದ್ದರಿಂದ ‘ಮಳೆ ಬಂದರೆ ಸೈಕಲ್ ಹತ್ತಬೇಡ’ ಎಂದು ಬುದ್ಧಿ ಹೇಳುವುದು ಸುಲಭವಾದರೂ ಪ್ರಯೋಜನವಿಲ್ಲದ ಮಾತು. ಹತ್ತಲೇಬೇಕಾದವರಿಗೆ ತಿಳಿದಿರಬೇಕಾದದ್ದು, ಒದ್ದೆ ರಸ್ತೆಯಲ್ಲಿ ಆ ಯಂತ್ರ ಬೇಸಿಗೆಯಲ್ಲಿ ನಡೆದುಕೊಂಡಂತೆ ಏಕೆ ನಡೆದುಕೊಳ್ಳುವುದಿಲ್ಲ ಎಂಬುದು.

ಮಳೆ ಎಂದರೂ ಎಲ್ಲ ಕಡೆ ಒಂದೇ ಮಳೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಬೆಂಗಳೂರಿಗೆ ಸುಮಾರು 1000 ಮಿಲಿಮೀಟರು. ಆದರೆ ಮಲೆನಾಡಿನ ಆರಿದ್ರಾ ಮಳೆ ದಿನವಿಡೀ ಹಿಡಿದು, ರಸ್ತೆಯನ್ನು ತೊಳೆಯುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಅದೂ ಎಷ್ಟೋ ಸಲ ಸಂಜೆ, ಸರಿಯಾಗಿ ಶಾಲೆ ಕಾಲೇಜು ಬಿಡುವ ಹೊತ್ತಿಗೆ, ಅರ್ಧ ಗಂಟೆಯಲ್ಲಿ ಆಕಾಶ ಕಳಚಿ ಬಿದ್ದಂತೆ. ಗದಗ, ಚಿತ್ರದುರ್ಗದ ಕಡೆ ಮಳೆಗಿಂತ ಆಷಾಢದ ಗಾಳಿಯೇ ದೊಡ್ಡ ತೊಂದರೆ. ಅಲ್ಲಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ.

ಮೊದಲು ಚಕ್ರದ ಕೆಳಗೆ ನೋಡೋಣ. ನೀವು ಮತ್ತು ನಿಮ್ಮ ಸೈಕಲ್ಲು ಸೇರಿ 70 ಕಿಲೋ ಎಂದಿಟ್ಟುಕೊಳ್ಳಿ. ಈ ಭಾರವನ್ನೆಲ್ಲ ಹೊತ್ತು ನೆಲವನ್ನು ಮುಟ್ಟುವುದು ಎರಡೇ ಎರಡು ಸಣ್ಣ ತುಣುಕು ರಬ್ಬರು. ಒಂದೊಂದು ತುಣುಕಿನ ವಿಸ್ತೀರ್ಣ ಒಂದು ಬೆಂಕಿಪೆಟ್ಟಿಗೆಯ ಮೇಲ್ಮೈಗಿಂತಲೂ ಕಡಿಮೆ. ನೀವು ತಿರುಗುವುದು, ನಿಲ್ಲುವುದು, ಬೀಳದೆ ಇರುವುದು ಎಲ್ಲವೂ ಆ ತುಣುಕಿಗೂ ರಸ್ತೆಗೂ ನಡುವಿನ ಘರ್ಷಣೆಯನ್ನು ಅವಲಂಬಿಸಿದೆ. ಒಣಗಿದ ಟಾರು ರಸ್ತೆಯಲ್ಲಿ ಈ ಘರ್ಷಣಾಂಕ ಸುಮಾರು 0.7ರಿಂದ 0.8. ಒದ್ದೆಯಾದರೆ 0.4ರಿಂದ 0.5ಕ್ಕೆ ಇಳಿಯುತ್ತದೆ. ಅಂದರೆ ಹಿಡಿತ ಪೂರ್ತಿ ಹೋಗಲಿಲ್ಲ, ಆದರೆ ಹತ್ತಿರ ಹತ್ತಿರ ಅರ್ಧಕ್ಕೆ ಬಂತು.

ಇದು ಸ್ವಚ್ಛವಾಗಿ ತೊಳೆದ ರಸ್ತೆಯ ಮಾತು. ಬಹಳ ದಿನದ ಬಿಸಿಲಿನ ನಂತರ ಬೀಳುವ ಮೊದಲ ಮಳೆಯ ರಸ್ತೆಯೇ ಬೇರೆ. ವಾರಗಟ್ಟಲೆ ಲಾರಿ, ಬಸ್ಸು, ಸ್ಕೂಟರುಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ಟೈರಿನ ಪುಡಿ, ಧೂಳು ಎಲ್ಲವೂ ಟಾರಿನ ಸಂದಿಗಳಲ್ಲಿ ಕುಳಿತಿರುತ್ತವೆ. ನಾಲ್ಕು ಹನಿ ಬಿದ್ದೊಡನೆ ಎಣ್ಣೆ ಹಗುರವಾದ್ದರಿಂದ ನೀರಿನ ಮೇಲೆ ತೇಲುತ್ತದೆ. ಧೂಳು ನುಣ್ಣನೆಯ ಕೆಸರಾಗುತ್ತದೆ. ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳು ಕಂಡರೆ ಅದು ಈ ಎಣ್ಣೆಯ ಪೊರೆ. ಜೋರಾಗಿ ಸುರಿದು ತೊಳೆದುಹೋದ ಮೇಲೆ ರಸ್ತೆ ಮತ್ತೆ ಸುಧಾರಿಸುತ್ತದೆ. ಜಡಿಮಳೆಗಿಂತ ಮೊದಲ ಹತ್ತು ನಿಮಿಷದ ತುಂತುರು ಹೆಚ್ಚು ಜಾರಿಸುತ್ತದೆ ಎಂಬುದು ವಿಚಿತ್ರವಾಗಿ ಕಂಡರೂ ನಿಜ.

ಇನ್ನು ಕೆಲವು ವಸ್ತುಗಳು ಒದ್ದೆಯಾದರೆ ಟಾರಿಗಿಂತ ಬಹಳ ಹೆಚ್ಚು ಜಾರುತ್ತವೆ. ಚರಂಡಿಯ ಕಬ್ಬಿಣದ ಮುಚ್ಚಳ, ರಸ್ತೆಗೆ ಬಳಿದ ಬಿಳಿ ಹಳದಿ ಪಟ್ಟೆ, ರೈಲು ಹಳಿ, ಸೇತುವೆಯ ಸಂದಿಗೆ ಹಾಕಿದ ಉಕ್ಕಿನ ತಗಡು. ಮಲೆನಾಡಿನಲ್ಲಿ ಮರಗಳ ನೆರಳಿರುವ ರಸ್ತೆಯ ಅಂಚಿನ ಪಾಚಿ. ನಗರದಲ್ಲಿ ಗುಲ್‌ಮೊಹರ್ ಮರದ ಕೆಳಗೆ ಕೊಳೆತ ಹೂವಿನ ಹಾಸು. ಹಳ್ಳಿಯಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರು ಚೆಲ್ಲಿಹೋದ ಎರೆಮಣ್ಣು, ಸಗಣಿ. ಇವುಗಳ ಮೇಲೆ ಹೋಗಲೇಬಾರದೆಂದಲ್ಲ. ಹೋಗುವಾಗ ನೇರವಾಗಿ ಹೋಗಬೇಕು; ಅವುಗಳ ಮೇಲಿರುವಾಗ ತಿರುಗಿಸಬಾರದು, ಬ್ರೇಕು ಹಾಕಬಾರದು. ರೈಲು ಹಳಿಯನ್ನಂತೂ ಲಂಬಕೋನದಲ್ಲೇ ದಾಟಬೇಕು. ಓರೆಯಾಗಿ ದಾಟಿದರೆ ಚಕ್ರ ಹಳಿಯ ಪಕ್ಕದ ಸಂದಿಗೆ ಇಳಿಯುತ್ತದೆ, ಇಲ್ಲವೇ ಒದ್ದೆ ಉಕ್ಕಿನ ಮೇಲೆ ಉದ್ದಕ್ಕೂ ಜಾರುತ್ತದೆ. ಎರಡರಲ್ಲೂ ಸವಾರನಿಗೆ ಆಗುವುದು ಒಂದೇ.

ಇಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬಹುದು. ಕಾರುಗಳು ವೇಗವಾಗಿ ಹೋಗುವಾಗ ನೀರಿನ ಪದರದ ಮೇಲೆ ತೇಲಿ ಹಿಡಿತ ತಪ್ಪುತ್ತವಲ್ಲ, ಸೈಕಲ್ಲೂ ಹಾಗೆ ತೇಲುತ್ತದೆಯೇ? ಇಲ್ಲ. ಸೈಕಲ್ ಟೈರು ಕಿರಿದು, ಅದರ ಮೈ ದುಂಡು, ಒಳಗಿನ ಗಾಳಿಯ ಒತ್ತಡವೂ ಹೆಚ್ಚು. ದೋಣಿಯ ಮೂತಿಯಂತೆ ಅದು ನೀರನ್ನು ಎರಡು ಬದಿಗೆ ಸರಿಸಿಬಿಡುತ್ತದೆ. ತೇಲಬೇಕಾದರೆ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗ ಬೇಕು. ಆದ್ದರಿಂದ ಟಾರು ರಸ್ತೆಯಲ್ಲಿ ಓಡುವ ಸೈಕಲ್ಲಿಗೆ ದಪ್ಪ ದಪ್ಪ ಹಲ್ಲುಗಳ ಟೈರು ಹಾಕಿಸಿ ಹಣ ಕಳೆಯಬೇಕಾಗಿಲ್ಲ. ಆ ಹಲ್ಲುಗಳು ಕೆಸರಿಗೆ ಒಳ್ಳೆಯವು. ಟಾರಿನ ಮೇಲೆ ಬೇಕಾಗಿರುವುದು ಗಟ್ಟಿಯಾಗಿ ಒಡೆದುಹೋಗದ, ಮೃದುವಾದ ರಬ್ಬರು.

ತಿರುವಿನ ಲೆಕ್ಕವನ್ನು ಬರೆದೇ ನೋಡಬೇಕು. ಭಾಷಣದಲ್ಲಾದರೆ ಅಂಕಿಗಳು ಕಿವಿಯ ಮೇಲೆ ಹಾದುಹೋಗುತ್ತವೆ; ಓದುವವರು ಪೆನ್ಸಿಲು ಹಿಡಿಯಬಹುದು. ತಿರುಗಲು ಬೇಕಾಗುವ ಘರ್ಷಣಾಂಕವೆಂದರೆ ವೇಗದ ವರ್ಗವನ್ನು, ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದ್ದು. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರು. ತಿರುವಿನ ತ್ರಿಜ್ಯ 5 ಮೀಟರು. 25ನ್ನು 49ರಿಂದ ಭಾಗಿಸಿದರೆ 0.51. ಒಣ ರಸ್ತೆಯಲ್ಲಿ 0.7 ಇದೆ, ಪರವಾಗಿಲ್ಲ. ಒದ್ದೆ ರಸ್ತೆಯಲ್ಲಿ ಇರುವುದೇ 0.4ರಿಂದ 0.5, ಬೇಕಾದದ್ದು 0.51. ಸೈಕಲ್ಲು ನಿಮ್ಮ ಕೆಳಗಿನಿಂದ ಹೊರಬದಿಗೆ ಜಾರಿಹೋಗುತ್ತದೆ. ಅದೇ ತಿರುವಿಗೆ ಸೆಕೆಂಡಿಗೆ 3 ಮೀಟರು, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಬನ್ನಿ. ಬೇಕಾಗುವುದು ಕೇವಲ 0.18. ವೇಗ ಸ್ವಲ್ಪ ಇಳಿದರೂ ಅದರ ವರ್ಗ ಬಹಳ ಇಳಿಯುತ್ತದೆ. ನಿನ್ನೆಯವರೆಗೆ ಸಲೀಸಾಗಿ ತಿರುಗಿಸುತ್ತಿದ್ದ ಮನೆಯ ಹತ್ತಿರದ ತಿರುವಿನಲ್ಲೇ ಮಕ್ಕಳು ಬೀಳುವುದು ಇದರಿಂದ. ಸವಾರಿ ಅದೇ, ತಿರುವೂ ಅದೇ, ಘರ್ಷಣೆ ಮಾತ್ರ ಅದಲ್ಲ.

ಬ್ರೇಕಿನ ವಿಷಯ ಇದಕ್ಕಿಂತಲೂ ಮುಖ್ಯ. ನಮ್ಮ ಊರುಗಳಲ್ಲಿ ಇಂದಿಗೂ ಬಹುಪಾಲು ಸಾಧಾರಣ ಸೈಕಲ್ಲುಗಳಿಗೆ ಹೊಳೆಯುವ ಕಬ್ಬಿಣದ ರಿಮ್ಮು, ಅದನ್ನು ಒತ್ತುವ ರಬ್ಬರ್ ತುಂಡು. ಹಳೆಯ ಮಾದರಿಯ ಕಂಬಿ ಬ್ರೇಕುಗಳು ರಿಮ್ಮಿನ ಒಳಮೈಯನ್ನು ಮೇಲಕ್ಕೆಳೆದು ಹಿಡಿಯುತ್ತವೆ, ತಂತಿಯ ಬ್ರೇಕುಗಳು ಪಕ್ಕದಿಂದ ಹಿಡಿಯುತ್ತವೆ. ಎರಡರದೂ ಒಂದೇ ದೋಷ: ರಿಮ್ಮು ಒದ್ದೆಯಾದರೆ ರಬ್ಬರಿಗೂ ಕಬ್ಬಿಣಕ್ಕೂ ನಡುವೆ ನೀರು ಕೀಲೆಣ್ಣೆಯಂತೆ ಕೆಲಸ ಮಾಡುತ್ತದೆ. ಪ್ರಯೋಗಶಾಲೆಯ ಅಳತೆಗಳಲ್ಲಿ ಒದ್ದೆ ಕಬ್ಬಿಣದ ರಿಮ್ಮಿನ ಮೇಲಿನ ಹಿಡಿತ ಒಣಗಿದ್ದಾಗಿನ ಹತ್ತನೆಯ ಒಂದು ಪಾಲಿನವರೆಗೂ ಕುಸಿದದ್ದುಂಟು. ಅಲ್ಯೂಮಿನಿಯಮ್ ರಿಮ್ಮು ಇದಕ್ಕಿಂತ ವಾಸಿ. ಚಕ್ರದ ನಡುವಿನ ಗುಂಭದಲ್ಲೇ ಕೂರುವ ಡಿಸ್ಕ್ ಬ್ರೇಕಿಗೆ ಈ ತೊಂದರೆ ಕಡಿಮೆ, ಆದರೆ ಅದರ ಬೆಲೆಯೂ ರಿಪೇರಿಯೂ ಎಲ್ಲರಿಗೂ ಎಟುಕುವಂಥದಲ್ಲ.

ಒದ್ದೆ ಬ್ರೇಕನ್ನು ಹಿಡಿದಾಗ ಮೊದಲ ಕೆಲವು ಸುತ್ತು ಅದು ನೀರನ್ನು ಒರೆಸುವ ಕೆಲಸವನ್ನಷ್ಟೇ ಮಾಡುತ್ತದೆ. ಒರೆಸಿದ ಮೇಲೆ ಹಿಡಿಯಲು ಆರಂಭಿಸುತ್ತದೆ. ದೊಡ್ಡ ಚಕ್ರದ ಒಂದು ಸುತ್ತೆಂದರೆ ಸುಮಾರು 2.2 ಮೀಟರು. ಈಗ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗುವಾಗ ಮುಂದೆ ಒಂದು ಎಮ್ಮೆ ಅಡ್ಡ ಬಂತು ಎನ್ನಿ. ಕಣ್ಣು ಕಂಡು ಕೈ ಬ್ರೇಕು ಹಿಡಿಯುವುದಕ್ಕೆ ಒಂದು ಸೆಕೆಂಡು, ಅಷ್ಟರಲ್ಲಿ 5 ಮೀಟರು ಕಳೆಯಿತು. ಒಣ ಬ್ರೇಕಾದರೆ ಇನ್ನು ಸುಮಾರು 3 ಮೀಟರಿನಲ್ಲಿ ನಿಲ್ಲಬಹುದು, ಒಟ್ಟು 8. ಒದ್ದೆ ಬ್ರೇಕಿನಲ್ಲಿ ಒರೆಸಲು ಮೂರು ಸುತ್ತು, ಅಂದರೆ ಆರೂವರೆ ಮೀಟರು. ಆಮೇಲೆ ಅರ್ಧ ಹಿಡಿತದಲ್ಲಿ ನಿಲ್ಲಲು ಇನ್ನೊಂದು 6 ಮೀಟರು. ಒಟ್ಟು 17 ಮೀಟರು ಮೀರುತ್ತದೆ. ಒಂದೂವರೆ ಬಸ್ಸಿನಷ್ಟು ಉದ್ದ. ಎಮ್ಮೆ ಅಷ್ಟು ಹೊತ್ತು ಕಾಯುವುದೋ ಇಲ್ಲವೋ ಹೇಳಲಾಗದು.

ಆದ್ದರಿಂದ ಮಳೆಯಲ್ಲಿ ಅನುಭವಸ್ಥರು ಮಾಡುವ ಉಪಾಯವೆಂದರೆ ಬ್ರೇಕನ್ನು ಬೇಕಾಗುವ ಮೊದಲೇ ಮುಟ್ಟಿ ಬಿಡುವುದು. ಇಳಿಜಾರು ಬರುವ ಮುನ್ನ, ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಮುನ್ನ, ಬಸ್ ನಿಲ್ದಾಣಕ್ಕೆ ಮುನ್ನ, ಹಗುರವಾಗಿ ಒತ್ತಿ ರಿಮ್ಮನ್ನು ಒರೆಸಿಕೊಳ್ಳುತ್ತಾರೆ. ನಿಲ್ಲುವಾಗ ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೆಲ್ಲಗೆ, ಹೆಚ್ಚಿಸುತ್ತಾ ಹಿಡಿಯಬೇಕು. ವೇಗ ತಗ್ಗುವಾಗ ಭಾರ ಮುಂದಿನ ಚಕ್ರಕ್ಕೆ ಸರಿಯುವುದರಿಂದ ಹೆಚ್ಚು ಕೆಲಸ ಮಾಡುವುದು ಮುಂದಿನ ಬ್ರೇಕೇ. ಆದರೆ ಒದ್ದೆಯಲ್ಲಿ ಮುಂದಿನ ಚಕ್ರ ಸೆಟೆದು ಜಾರಿದರೆ ಮತ್ತೆ ಸಾವರಿಸಿಕೊಳ್ಳುವುದು ಕಷ್ಟ. ಹಿಂದಿನದು ಜಾರಿದರೆ ಬಾಲ ಅಲುಗುತ್ತದೆ, ಬ್ರೇಕು ಸಡಿಲಿಸಿದರೆ ಸರಿಹೋಗುತ್ತದೆ.

ಕೊಡೆಯ ಬಗ್ಗೆ ಹೇಳದಿದ್ದರೆ ಈ ಲೇಖನ ನಮ್ಮ ನಾಡಿನದಾಗುವುದಿಲ್ಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಹೋಗುವವರ ಚಳಕವನ್ನು ನೋಡಿದರೆ ಮೆಚ್ಚುಗೆಯಾಗುತ್ತದೆ. ಮೆಚ್ಚಬಹುದು, ಅನುಸರಿಸಬಾರದು. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು, ಎಡಗೈಯದು ಹಿಂದಿನದು. ಯಾವ ಕೈಯಲ್ಲಿ ಕೊಡೆ ಹಿಡಿದರೂ ಒಂದು ಬ್ರೇಕು ಹೋಯಿತು. ಅದಿರಲಿ, ಗಾಳಿಯ ಲೆಕ್ಕ ನೋಡಿ. ಒಂದು ಮೀಟರು ಅಗಲದ ಕೊಡೆಗೆ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಎದುರಾಗಿ ಬಡಿದರೆ ಅದು ತಳ್ಳುವ ಬಲ ಸುಮಾರು 6 ಕಿಲೋ ತೂಕದಷ್ಟು. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಅಂದರೆ 24 ಕಿಲೋ. ಅಷ್ಟು ಭಾರದ ಚೀಲವನ್ನು ಯಾರೋ ಪಕ್ಕದಿಂದ ತಟ್ಟನೆ ಜಗ್ಗಿದಂತೆ. ಅದರ ಜೊತೆಗೆ ಮಳೆ ಯಾವ ಕಡೆಯಿಂದ ಬರುತ್ತದೋ ಕೊಡೆಯನ್ನು ಆ ಕಡೆಗೇ ಬಾಗಿಸುತ್ತೇವೆ, ಎದುರಿನಿಂದ ಮಳೆ ಬಂದರೆ ಎದುರಿನ ರಸ್ತೆಯೇ ಮರೆಯಾಗುತ್ತದೆ. ಮಳೆಯಂಗಿ ಇದಕ್ಕಿಂತ ಎಷ್ಟೋ ಮೇಲು. ಅದರಲ್ಲೂ ಉದ್ದನೆಯ ಅಂಗಿಯ ಅಂಚು, ಚೂಡಿದಾರದ ದುಪಟ್ಟಾ ಹಿಂದಿನ ಚಕ್ರಕ್ಕೂ ಚೈನಿಗೂ ಸಿಗದಂತೆ ಬಿಗಿದು ಕಟ್ಟಬೇಕು. ತಲೆಯ ಟೊಪ್ಪಿಗೆ ಕಣ್ಣಿನ ಪಕ್ಕಗಳನ್ನು ಮುಚ್ಚುವಂತಿದ್ದರೆ ಹಿಂದಕ್ಕೆ ಸರಿಸಬೇಕು. ತಲೆ ಒದ್ದೆಯಾದರೆ ಒರೆಸಿಕೊಳ್ಳಬಹುದು.

ಬಯಲುಸೀಮೆಯ ಗಾಳಿಯ ಬಗ್ಗೆ ಒಂದು ಸ್ವಾರಸ್ಯದ ಮಾತು. ‘ಹೋಗುವಾಗ ಎದುರುಗಾಳಿ, ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ, ಎರಡೂ ಸರಿಹೋಯಿತು’ ಎಂದುಕೊಳ್ಳುತ್ತೇವೆ. ಸರಿಹೋಗುವುದಿಲ್ಲ. ಗಾಳಿಯಿಲ್ಲದ ದಿನ ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುವಾಗಿನ ಗಾಳಿಯ ತಡೆಯನ್ನು 1 ಎನ್ನೋಣ. ಎದುರಿನಿಂದ 15ರ ವೇಗದ ಗಾಳಿ ಬಂದರೆ ನಿಮಗೆ ತಗಲುವುದು 30ರ ಗಾಳಿ. ತಡೆ 4 ಪಟ್ಟು. ಹಿಂದಿರುಗುವಾಗ ತಡೆ ಸೊನ್ನೆ. ಹೋಗಿಬರುವ ಸರಾಸರಿ 2, ಗಾಳಿಯಿಲ್ಲದ ದಿನಕ್ಕಿಂತ ಎರಡರಷ್ಟು. ಆಷಾಢದಲ್ಲಿ ಸ್ವಲ್ಪ ಬೇಗ ಮನೆ ಬಿಡುವುದಕ್ಕೆ ಇದೇ ಕಾರಣ ಸಾಕು.

ಪಕ್ಕದ ಗಾಳಿ ಇನ್ನೂ ಕೆಟ್ಟದ್ದು. ಬಲಗಡೆಯಿಂದ ಬೀಸುವಾಗ ನೀವು ಅರಿಯದೆಯೇ ಬಲಕ್ಕೆ ವಾಲಿಕೊಂಡು ಸಾಗುತ್ತಿರುತ್ತೀರಿ. ಆಗ ಒಂದು ಬಸ್ಸು ಬಲಗಡೆಯಿಂದ ನಿಮ್ಮನ್ನು ದಾಟಲು ಬರುತ್ತದೆ. ಬಸ್ಸಿನ ಮೈ ಗಾಳಿಯನ್ನು ತಡೆದೊಡನೆ ನಿಮ್ಮನ್ನು ಹಿಡಿದು ನಿಲ್ಲಿಸಿದ್ದ ಒತ್ತಡ ಮಾಯವಾಗುತ್ತದೆ, ಸೈಕಲ್ಲು ಬಸ್ಸಿನ ಕಡೆಗೇ ಸರಿಯುತ್ತದೆ. ಬಸ್ಸು ದಾಟಿಹೋದ ಕ್ಷಣ ಗಾಳಿ ಮತ್ತೆ ರಪ್ಪನೆ ಹೊಡೆದು ಎಡಕ್ಕೆ ನೂಕುತ್ತದೆ. ಬಸ್ಸೇ ಎಳೆದುಕೊಂಡಿತು ಎಂದು ಜನ ಹೇಳುವುದರಲ್ಲಿ ಸತ್ಯಾಂಶವಿದೆ. ಹಿಂದೆ ದೊಡ್ಡ ವಾಹನದ ಸದ್ದು ಕೇಳಿದಾಗ ಹ್ಯಾಂಡಲನ್ನು ಸೆಟೆದು ಹಿಡಿಯದೆ, ಮೊಣಕೈ ಸ್ವಲ್ಪ ಮಡಿಸಿ, ತುಳಿಯುವುದನ್ನು ನಿಲ್ಲಿಸದೆ ನೇರ ಸಾಗಿದರೆ ಈ ಎರಡು ತಳ್ಳುಗಳನ್ನು ತಾಳಿಕೊಳ್ಳಬಹುದು.

ರಸ್ತೆಯನ್ನು ಹಂಚಿಕೊಳ್ಳುವ ಮಾತಿಗೆ ಬಂದೆವು. ಸೈಕಲ್ ಸವಾರನಿಗೆ ರಸ್ತೆಯ ತೀರಾ ಎಡ ಅಂಚೇ ಸುರಕ್ಷಿತ ಎಂದು ದೊಡ್ಡವರು ಹೇಳಿಕೊಡುತ್ತಾರೆ. ಎಡಕ್ಕಿರಬೇಕು, ಸರಿ, ಅಂಚಿಗೇ ಅಂಟಿಕೊಂಡಿರಬೇಕೆಂಬುದು ಸರಿಯಲ್ಲ. ಮಳೆಗಾಲದಲ್ಲಿ ಹೊಂಡ, ಕೆಸರು, ಮರಳು, ಗಾಜಿನ ಚೂರು ಎಲ್ಲವೂ ಕೊಚ್ಚಿಬಂದು ಸೇರುವುದು ಆ ಅಂಚಿಗೇ. ಟಾರು ಮುಗಿದು ಮಣ್ಣು ಶುರುವಾಗುವಲ್ಲಿ ಒಂದು ಗೇಣು ತಗ್ಗೂ ಇರುತ್ತದೆ. ಒಮ್ಮೆ ಅದರಿಂದ ಇಳಿದ ಚಕ್ರವನ್ನು ಅಂಚಿಗೆ ಸಮಾನಾಂತರವಾಗಿ ಮೇಲೆ ಹತ್ತಿಸಲು ಹೋದರೆ ಟೈರು ಅಂಚನ್ನು ಉಜ್ಜಿಕೊಂಡು ಜಾರಿ, ಸವಾರ ರಸ್ತೆಯ ನಡುವಿಗೆ ಬೀಳುತ್ತಾನೆ. ಇಳಿದಿದ್ದರೆ ನಿಂತು, ಇಳಿದು, ಎತ್ತಿಟ್ಟುಕೊಳ್ಳಿ. ಇಳಿಯದೇ ಇರಬೇಕಾದರೆ ಅಂಚಿನಿಂದ ಸುಮಾರು ಒಂದು ಮಾರಿನ ಅರ್ಧದಷ್ಟಾದರೂ ಒಳಗೆ ಇರಿ. ಆಗ ಒಂದು ಗುಂಡಿ ಎದುರಾದರೂ ಎಡಕ್ಕೆ ಸರಿಯಲು ಜಾಗವಿರುತ್ತದೆ. ಅಂಚಿನಲ್ಲೇ ಇದ್ದವನು ಗುಂಡಿ ಕಂಡಾಗ ಬಲಕ್ಕೇ ನುಗ್ಗಬೇಕಾಗುತ್ತದೆ. ಹಿಂದೆ ಬರುವ ಆಟೋ ಚಾಲಕನಿಗೆ ಗುಂಡಿ ಕಾಣುವುದಿಲ್ಲ, ಕಾರಣವಿಲ್ಲದೆ ಅಡ್ಡ ಬಂದ ಸೈಕಲ್ಲಷ್ಟೇ ಕಾಣುತ್ತದೆ. ಅದೂ ನೀರು ತುಂಬಿದ ಗುಂಡಿಯಾದರೆ ಎಷ್ಟು ಆಳವೆಂದು ನಿಮಗೂ ಗೊತ್ತಿಲ್ಲ.

ಹಾಗಾಗಿ ಹಿಂದಿರುಗಿ ನೋಡುವುದನ್ನು ಕಲಿಯಬೇಕು. ಇದು ತೋರುವಷ್ಟು ಸುಲಭವಲ್ಲ. ಹೊಸಬರು ತಲೆಯನ್ನು ಬಲಕ್ಕೆ ತಿರುಗಿಸಿದರೆ ಹ್ಯಾಂಡಲೂ ಬಲಕ್ಕೆ ತಿರುಗುತ್ತದೆ. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಅದರ ಮೇಲೆ ಸಾಗುತ್ತಾ, ಹಿಂದೆ ನಿಂತ ಗೆಳೆಯ ಎಷ್ಟು ಬೆರಳು ತೋರಿಸುತ್ತಿದ್ದಾನೆಂದು ಹೇಳುವ ಆಟವಾಡಿ. ಗೆರೆ ಬಿಡದೆ ಹೇಳಲು ಬಂದ ದಿನ ನೀವು ದೊಡ್ಡ ರಸ್ತೆಗೆ ಸಿದ್ಧ.

ಬಸ್ಸು ಲಾರಿಗಳ ಎಡಬದಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ನಮ್ಮ ದೇಶದಲ್ಲಿ ಚಾಲಕ ಕೂರುವುದು ಬಲಗಡೆ. ಎಡಗಡೆಯನ್ನು ಅವನು ನೋಡುವುದು ದೂರದ ಒಂದು ಕನ್ನಡಿಯಿಂದ. ಮಳೆಯಲ್ಲಿ ಆ ಕನ್ನಡಿಯ ಮೇಲೆ ಹನಿಗಳು, ಕಿಟಕಿಯ ಗಾಜಿನ ಮೇಲೆ ಹನಿಗಳು, ಒಳಗಿನಿಂದ ಜನರ ಉಸಿರಿನ ಆವಿ. ನಿಂತ ಬಸ್ಸಿನ ಎಡಕ್ಕೆ ನುಸುಳಿದ ಸೈಕಲ್ಲು ಅವನ ಪಾಲಿಗೆ ಇಲ್ಲವೇ ಇಲ್ಲ. ಅದೇ ಬಸ್ಸು ಎಡಕ್ಕೆ ತಿರುಗಿದರೆ ಏನಾಗುತ್ತದೆಂದು ಪೈಥಾಗೊರಸ್ ಹೇಳುತ್ತಾನೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 6 ಮೀಟರು, ಮುಂದಿನ ಚಕ್ರ 12 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆ ಎನ್ನಿ. ಹಿಂದಿನ ಚಕ್ರದ ತ್ರಿಜ್ಯವೆಂದರೆ 144ರಲ್ಲಿ 36 ಕಳೆದು ಉಳಿದ 108ರ ವರ್ಗಮೂಲ, ಸುಮಾರು 10.4 ಮೀಟರು. ಅಂದರೆ ಹಿಂದಿನ ಚಕ್ರ ಮುಂದಿನದಕ್ಕಿಂತ 1.6 ಮೀಟರು ಒಳಗೆ, ನೀವು ನಿಂತಿರುವ ಜಾಗದ ಮೇಲೆಯೇ ಹಾದುಹೋಗುತ್ತದೆ. ಮುಂದಿನ ಚಕ್ರ ನಿಮ್ಮಿಂದ ದೂರ ಹೋಯಿತೆಂದು ನೀವು ನಿಶ್ಚಿಂತೆಯಿಂದ ಇರುವಾಗಲೇ ಹಿಂದಿನದು ಬರುತ್ತದೆ. ಸಿಗ್ನಲ್ಲಿನಲ್ಲಿ ದೊಡ್ಡ ವಾಹನವಿದ್ದರೆ ಅದರ ಹಿಂದೆ ನಿಲ್ಲಿ. ಎರಡು ನಿಮಿಷ ತಡವಾಗುತ್ತದೆ, ಅಷ್ಟೆ.

ಮಳೆಯ ಸಂಜೆ ನೀವು ಕಾಣಿಸುವುದಿಲ್ಲ ಎಂಬುದಕ್ಕೆ ಇನ್ನೊಂದು ಕಾರಣ ರಸ್ತೆಯೇ. ಒಣಗಿದ ರಸ್ತೆ ಒರಟು. ವಾಹನದ ದೀಪದ ಬೆಳಕು ಅದರ ಮೇಲೆ ಬಿದ್ದು ಎಲ್ಲ ದಿಕ್ಕಿಗೂ ಚೆದುರುತ್ತದೆ, ಸ್ವಲ್ಪ ಚಾಲಕನ ಕಣ್ಣಿಗೂ ಮರಳುತ್ತದೆ. ಒದ್ದೆ ರಸ್ತೆ ಕನ್ನಡಿಯಂತೆ. ಬೆಳಕು ಮುಂದಕ್ಕೇ ಚಿಮ್ಮಿ ಎದುರಿನಿಂದ ಬರುವವನ ಕಣ್ಣು ಕುಕ್ಕುತ್ತದೆ, ತನ್ನ ಚಾಲಕನಿಗೆ ಮಾತ್ರ ರಸ್ತೆ ಕಪ್ಪಾಗಿಯೇ ಉಳಿಯುತ್ತದೆ. ಆ ಕಪ್ಪಿನ ಮೇಲೆ ಕಪ್ಪು ಮಳೆಯಂಗಿ, ಕಪ್ಪು ಕೊಡೆ, ಕಪ್ಪು ಸೈಕಲ್ಲು. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಕಾರು ಒದ್ದೆ ರಸ್ತೆಯಲ್ಲಿ ನಿಲ್ಲಲು, ಚಾಲಕನ ಗಮನದ ಒಂದೂವರೆ ಸೆಕೆಂಡೂ ಸೇರಿ, ಸುಮಾರು 60 ಮೀಟರು ಬೇಕು. ಕಪ್ಪು ಬಟ್ಟೆ ಅಷ್ಟು ದೂರದಿಂದ ಕಾಣುವುದಿಲ್ಲ. ಸೈಕಲ್ಲಿನ ಹಿಂದಿನ ಕೆಂಪು ಪ್ರತಿಫಲಕ ನೂರು ಮೀಟರಿನಾಚೆಯಿಂದಲೂ ಮಿನುಗುತ್ತದೆ, ಏಕೆಂದರೆ ಅದರೊಳಗೆ ಮೂಲೆಯಂತೆ ಕೂಡಿದ ಸಣ್ಣ ಸಣ್ಣ ಮೂರು ಮುಖಗಳಿವೆ. ಬೆಳಕು ಯಾವ ದಿಕ್ಕಿನಿಂದ ಬಂತೋ ಮೂರು ಸಲ ಪುಟಿದು ಅದೇ ದಿಕ್ಕಿಗೆ ಹಿಂದಿರುಗುತ್ತದೆ. ಇದರ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ಒಂದು ಆದೇಶವನ್ನೇ ಹೊರಡಿಸಿತು. ಆದರೆ ಕೆಸರು ಹತ್ತಿದ ಪ್ರತಿಫಲಕಕ್ಕೆ ಯಾವ ಆದೇಶವೂ ನೆರವಾಗದು. ಬೆರಳಿನಿಂದ ಒಮ್ಮೆ ಒರೆಸಬೇಕು. ಪೆಡಲಿನ ಹಳದಿ ಪ್ರತಿಫಲಕಗಳು ಮೇಲೆ ಕೆಳಗೆ ಆಡುವುದರಿಂದ ಇನ್ನೂ ಚೆನ್ನಾಗಿ ಗಮನ ಸೆಳೆಯುತ್ತವೆ.

ಸೈಕಲ್ಲಿಗೆ ದೀಪವಿಲ್ಲವೆಂದು ಪೊಲೀಸರು ಹಿಡಿದು ದಂಡ ಹಾಕುತ್ತಿದ್ದ, ಚಕ್ರದ ಗಾಳಿ ಬಿಡುತ್ತಿದ್ದ ಕಾಲವೊಂದಿತ್ತು. ಮನೆಯ ಹಿರಿಯರನ್ನು ಕೇಳಿ. ಆಗಿನ ಡೈನಮೋಗೆ ಒಂದು ದೊಡ್ಡ ಕೊರತೆಯೆಂದರೆ ಮಳೆಯಲ್ಲಿ ಅದರ ಪುಟ್ಟ ಗಾಲಿ ಒದ್ದೆ ಟೈರಿನ ಮೇಲೆ ಜಾರಿ, ಬೆಳಕು ಬೇಕಾದಾಗಲೇ ದೀಪ ಮಂಕಾಗುತ್ತಿತ್ತು. ಈಗಿನ ಎಲ್‌ಇಡಿ ದೀಪಗಳು ಅಗ್ಗ, ಹಗುರ, ಬ್ಯಾಟರಿಯೂ ಬಹಳ ದಿನ ಬರುತ್ತದೆ. ಹಾಗಿದ್ದೂ ನಮ್ಮ ರಸ್ತೆಗಳಲ್ಲಿ ದೀಪವಿರುವ ಸೈಕಲ್ಲನ್ನು ಹುಡುಕಬೇಕಾಗಿದೆ. ಹಿಂದೆ ಕೆಂಪು, ಮುಂದೆ ಬಿಳಿ. ಒಂದನ್ನೇ ಕೊಳ್ಳಲು ಹಣವಿದ್ದರೆ ಕೆಂಪನ್ನು ಕೊಳ್ಳಿ. ಎದುರಿನವನನ್ನು ನೀವು ನೋಡುತ್ತೀರಿ, ಹಿಂದಿನವನನ್ನು ಅಲ್ಲ.

ಹಂಚಿಕೊಳ್ಳುವುದೆಂದರೆ ಸೈಕಲ್ಲಿನವರ ಪಾಲೂ ಇದೆ. ಎದುರು ದಿಕ್ಕಿನಲ್ಲಿ ಬರುವುದು, ಮೂವರು ಸಾಲಾಗಿ ಹರಟುತ್ತಾ ಹೋಗುವುದು, ಪಾದಚಾರಿ ದಾರಿಯ ಮೇಲೆ ಗಂಟೆ ಬಾರಿಸುತ್ತಾ ನುಗ್ಗುವುದು ನಮ್ಮಲ್ಲಿ ಮಾಮೂಲು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಸುಮಾರು ಐದರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಬಸ್ಸಿನ ಮುಂದೆ ಸೈಕಲ್ಲು ಎಷ್ಟು ಸಣ್ಣದೋ, ಸೈಕಲ್ಲಿನ ಮುಂದೆ ನಡೆಯುವ ಮುದುಕಿ ಅಷ್ಟೇ ಸಣ್ಣವಳು. ಮಳೆಯಲ್ಲಿ ಅವಳ ಕಾಲೂ ಜಾರುತ್ತದೆ. ಇನ್ನು ಕಾರಿನಲ್ಲಿ ಕೂರುವವರಿಗೆ, ನಿಮ್ಮ ಮನೆಯಲ್ಲೂ ಇರಬಹುದು, ಎರಡು ವಿಷಯ ಹೇಳಿ. ನೀರು ನಿಂತ ಕಡೆ ವೇಗವಾಗಿ ಹೋದರೆ ಪಕ್ಕದ ಸವಾರನ ಮುಖಕ್ಕೆ ಬೀಳುವುದು ಬರೀ ನೀರಲ್ಲ, ಎರಡು ಮೂರು ಸೆಕೆಂಡಿನ ಕುರುಡುತನ. ಮತ್ತೆ, ನಿಲ್ಲಿಸಿದ ಕಾರಿನ ಬಾಗಿಲನ್ನು ಅದರ ಹತ್ತಿರದ ಕೈಯಿಂದ ತೆರೆಯದೆ ಆಚೆ ಕೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ.

ಸೈಕಲ್ಲಿಗೇ ಪ್ರತ್ಯೇಕ ದಾರಿ ಮಾಡಿದರಾಗದೇ ಎಂದರೆ, ಮಾಡಿದ್ದಾರೆ. ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಗೆರೆ ಎಳೆದರು, ಅವು ಬಹುಬೇಗ ಕಾರು ನಿಲ್ಲಿಸುವ ಜಾಗಗಳಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಇನ್ನೊಂದು ಪ್ರಯತ್ನ ನಡೆಯಿತು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು. ಬರೀ ಬಣ್ಣದ ಗೆರೆಯಿಂದ ಪ್ರಯೋಜನ ಕಡಿಮೆ ಎಂದೇ ನನ್ನ ಅಭಿಪ್ರಾಯ. ಅದರ ಮೇಲೆ ಚಕ್ರ ಜಾರುತ್ತದೆ ಎಂದು ಆಗಲೇ ಹೇಳಿದೆ.

ಕೆಲವು ಹೊತ್ತಿನಲ್ಲಿ ಇಳಿದುಬಿಡಬೇಕು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಮುಳುಗಿದ ಸೇತುವೆಯ ಮೇಲಿರಲಿ, ಕಾಲುಸಂಕದ ಹತ್ತಿರವಿರಲಿ, ಅದು ಸೈಕಲ್ಲಿನ ಜಾಗವಲ್ಲ. ನೀರು ಗಾಳಿಗಿಂತ 800 ಪಟ್ಟು ಸಾಂದ್ರ. ಮೊಣಕಾಲೆತ್ತರದ ನೀರು ಸೆಕೆಂಡಿಗೆ ಒಂದು ಮೀಟರು ಹರಿದರೆ ಕಾಲು ಮತ್ತು ಚಕ್ರಗಳನ್ನು ಏಳೆಂಟು ಕಿಲೋ ಬಲದಿಂದ ತಳ್ಳುತ್ತದೆ. ಎರಡು ಮೀಟರಾದರೆ 30 ಕಿಲೋ. ನಿಂತ ನೀರಿನಲ್ಲೂ ತೆರೆದ ಚರಂಡಿ ಎಲ್ಲಿದೆಯೆಂದು ಕಾಣುವುದಿಲ್ಲ. ಸೈಕಲ್ಲನ್ನು ಉಳಿಸಲು ಹೋಗಬೇಡಿ, ಬಿಟ್ಟು ಹಿಂದೆ ಸರಿಯಿರಿ.

ಸಿಡಿಲಿಗೂ ಅಷ್ಟೆ. ಮಿಂಚು ಕಂಡ ಮೇಲೆ ಎಣಿಸಿ. ಶಬ್ದ ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಕಟ್ಟಡದೊಳಗೆ ಸೇರಿಕೊಳ್ಳಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ರಬ್ಬರ್ ಟೈರು ಕಾಪಾಡುತ್ತದೆಂಬುದು ಹುಸಿನಂಬಿಕೆ. ಮೋಡದಿಂದ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ವಿದ್ಯುತ್ತಿಗೆ ಎರಡು ಬೆರಳು ರಬ್ಬರು ಲೆಕ್ಕಕ್ಕಿಲ್ಲ. ಒಂಟಿ ಮರದ ಕೆಳಗೂ ನಿಲ್ಲಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶ ಹತ್ತಿರದ ಸಿಡಿಲಿನ ಸೂಚನೆ ಕೊಡುತ್ತದೆ. ಮನೆಯವರ ಫೋನಿನಲ್ಲಿ ಹಾಕಿಸಿಡಿ. ಯಾರಾದರೂ ರಸ್ತೆಯಲ್ಲಿ ಬಿದ್ದು ಪೆಟ್ಟಾಗಿದ್ದು ಕಂಡರೆ 108ಕ್ಕೋ 112ಕ್ಕೋ ಕರೆ ಮಾಡಿ. ನೆರವಾದವರಿಗೆ ತೊಂದರೆ ಕೊಡಬಾರದೆಂದು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಪ್ರತ್ಯೇಕ ವಿಧಿಯನ್ನೇ ಸೇರಿಸಲಾಗಿದೆ.

ಮಳೆಯಲ್ಲಿ ನೆನೆದ ಸೈಕಲ್ಲಿಗೆ ಮನೆಗೆ ಬಂದ ಮೇಲೆ ಐದು ನಿಮಿಷ ಕೊಡಿ. ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ, ಕೊಂಡಿಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಎಣ್ಣೆ ರಿಮ್ಮಿಗೆ ತಾಗಬಾರದು. ಬ್ರೇಕಿನ ರಬ್ಬರಿನಲ್ಲಿ ಮರಳಿನ ಕಣಗಳು ಚುಚ್ಚಿಕೊಂಡಿದ್ದರೆ ಸೂಜಿಯಿಂದ ತೆಗೆಯಿರಿ. ಪುಸ್ತಕದ ಚೀಲವನ್ನು ಹ್ಯಾಂಡಲಿಗೆ ನೇತುಹಾಕುವ ಅಭ್ಯಾಸವಿದ್ದರೆ ಬಿಟ್ಟು, ಹಿಂದಿನ ಕ್ಯಾರಿಯರಿಗೆ ಕಟ್ಟಿ. ತೂಗಾಡುವ ಭಾರ ಮುಂದಿನ ಚಕ್ರವನ್ನು ತಿರುಗಿಸುತ್ತಲೇ ಇರುತ್ತದೆ.

ಕೊನೆಯದಾಗಿ, ಮೇಲೆ ಹೇಳಿದ ಬ್ರೇಕಿನ ಲೆಕ್ಕವನ್ನು ನಂಬಬೇಡಿ, ನಿಮ್ಮ ಸೈಕಲ್ಲಿನ ಮೇಲೆಯೇ ಪರೀಕ್ಷಿಸಿ. ವಾಹನಗಳಿಲ್ಲದ ಶಾಲೆಯ ಅಂಗಳದಲ್ಲಿ, ವಿಜ್ಞಾನದ ಮೇಷ್ಟರು ಜೊತೆಗಿರುವಾಗ, ಸುಣ್ಣದ ಒಂದು ಅಡ್ಡಗೆರೆ ಎಳೆಯಿರಿ. ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಬಂದು ಗೆರೆ ಮುಟ್ಟಿದಾಗ ಬ್ರೇಕು ಹಿಡಿಯಿರಿ, ಎಷ್ಟು ದೂರದಲ್ಲಿ ನಿಂತಿತೆಂದು ಅಳೆಯಿರಿ. ಆಮೇಲೆ ಎರಡು ರಿಮ್ಮುಗಳ ಮೇಲೂ ಒಂದೊಂದು ಚೊಂಬು ನೀರು ಸುರಿದು ಅದೇ ವೇಗದಲ್ಲಿ ಮತ್ತೊಮ್ಮೆ. ಮೂರನೆಯ ಸಲ ನೀರು ಸುರಿದ ಮೇಲೆ, ಗೆರೆಗೆ ಹತ್ತು ಮೀಟರು ಮೊದಲಿನಿಂದಲೇ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ಮನ್ನು ಒರೆಸಿಕೊಂಡು ಬಂದು ನಿಲ್ಲಿಸಿ. ಪ್ರತಿಯೊಂದನ್ನೂ ಮೂರು ಮೂರು ಬಾರಿ ಮಾಡಿ ಸರಾಸರಿ ತೆಗೆದು, ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಕಬ್ಬಿಣದ ರಿಮ್ಮಿನ ಸೈಕಲ್ಲನ್ನೂ ಅಲ್ಯೂಮಿನಿಯಮ್ ರಿಮ್ಮಿನದನ್ನೂ ಹೋಲಿಸಿದರೆ ಇನ್ನೂ ಒಳ್ಳೆಯದು. ನೀರು ಸುರಿಯುವವನು ಮಾತ್ರ ಗೆರೆಯಿಂದ ದೂರ, ಪಕ್ಕಕ್ಕೆ ನಿಲ್ಲಲಿ.